ಗಂಡಸುತನದ ಬ್ಯಾಗಿನಲ್ಲಿ ಹೆಂಗಸರ ಮಾತ್ರೆ

1960ರ ಆಸುಪಾಸಿನಲ್ಲಿ ಅಮೆರಿಕದ ವೈದ್ಯ ಜಾನ್ ಝೀಗ್ಲರ್ ಭಾರ ಎತ್ತುವವರಿಗೆ ಡಯಾನಾಬಾಲ್ ಎಂಬ ಸ್ಟೆರಾಯ್ಡ್ ಕೊಡತೊಡಗಿದಾಗ ವ್ಯವಹಾರ ಸರಳವಾಗಿತ್ತು: ಒಂದು ಮಾತ್ರೆ, ಒಂದಿಷ್ಟು ಮಾಂಸಖಂಡ. ಇವತ್ತು 'ಸೈಕಲ್' ಹಾಕುವ, ಅಂದರೆ ಕೆಲವು ವಾರ ಸ್ಟೆರಾಯ್ಡ್ ತಗೊಂಡು ಬಿಡುವ ಹುಡುಗನ ಬ್ಯಾಗಿನಲ್ಲಿ ಸ್ಟೆರಾಯ್ಡ್ ಎಷ್ಟಿದೆಯೋ ಅದರ ಕಾಟ ತಡೆಯುವ ಔಷಧವೂ ಅಷ್ಟೇ ಇರುತ್ತದೆ. 'ಹಾರ್ಮೋನ್ ಬ್ಯಾಲೆನ್ಸ್ ಮಾಡ್ಕೊಂಡು ತಗೊಂಡ್ರೆ ಏನೂ ಆಗಲ್ಲ ಮಗಾ' ಎಂಬುದು ಜಿಮ್ ಕೋಚುಗಳ ಅಭಯ.

ಆ ಬ್ಯಾಗನ್ನೊಮ್ಮೆ ಬಿಚ್ಚಿ ನೋಡಿ. ಟಮಾಕ್ಸಿಫೆನ್, ಲೆಟ್ರೋಜೋಲ್ ಸ್ತನ ಕ್ಯಾನ್ಸರಿನ ಮಾತ್ರೆಗಳು. ಕ್ಲೋಮಿಫೀನ್ ಮಕ್ಕಳಾಗದ ಹೆಂಗಸರ ಚಿಕಿತ್ಸೆಗೆ ಬಂದದ್ದು. ಎಚ್‌ಸಿಜಿ ಗರ್ಭಿಣಿಯರ ಮೂತ್ರದಲ್ಲಿ ಸಿಗುವ ಹಾರ್ಮೋನು. ಗಂಡಸುತನ ಮೆರೆಯಲು ಹೊರಟವನಿಗೆ ಕಾವಲು ನಿಂತಿರುವುದು ಹೆಚ್ಚುಕಡಿಮೆ ಹೆಂಗಸರ ವಾರ್ಡು!

ನಗು ಬಂದರೂ ಇದರಲ್ಲೊಂದು ತರ್ಕವಿದೆ. ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳ ಮೂಲಕ ವೃಷಣಗಳಿಗೆ ಕೆಲಸ ಹಚ್ಚುತ್ತದೆ. ಸೂಜಿಯಿಂದಲೇ ಟೆಸ್ಟೋಸ್ಟಿರಾನ್ ಧಾರಾಳ ಬರತೊಡಗಿದರೆ ಆ ಗ್ರಂಥಿ ಸುಮ್ಮನಾಗುತ್ತದೆ. ವೃಷಣ ಸೊರಗುತ್ತದೆ, ವೀರ್ಯಾಣು ಇಳಿಯುತ್ತದೆ. ಹೆಚ್ಚಾದ ಟೆಸ್ಟೋಸ್ಟಿರಾನಿನಲ್ಲಿ ಒಂದು ಪಾಲನ್ನು ಅರೋಮಟೇಸ್ ಕಿಣ್ವ ಈಸ್ಟ್ರೊಜನ್ ಆಗಿಸುತ್ತದೆ; ಎದೆ ಊದಿಕೊಳ್ಳುವುದು ಇದರಿಂದಲೇ. ಬ್ಯಾಗಿನ ಔಷಧಗಳು ತಡೆಯಹೊರಟಿರುವುದು ಇವನ್ನೇ. ಲ್ಯಾಬ್ ವರದಿಯಲ್ಲಿ ಟೆಸ್ಟೋಸ್ಟಿರಾನ್ ಮಿತಿ ಮೀರಿ, ಕೆಳಗೆ ಎಲ್‌ಎಚ್ ಸೊನ್ನೆಯ ಹತ್ತಿರ ಬಿದ್ದಿದ್ದರೆ ಸಾಕು, ಹುಡುಗ ಬಾಯಿ ಬಿಡದಿದ್ದರೂ ತಜ್ಞರಿಗೆ ಕಥೆ ಗೊತ್ತಾಗುತ್ತದೆ.

ನನ್ನ ದೊಡ್ಡ ತಕರಾರು ಈಸ್ಟ್ರೊಜನ್ನನ್ನು ಹಗೆಯಂತೆ ಕಾಣುವುದರ ಬಗ್ಗೆ. 'ಮೊಲೆತೊಟ್ಟು ತುರಿಸ್ತಿದೆ ಅಣ್ಣಾ' ಎಂದರೆ ಸಾಕು, ರಕ್ತ ಪರೀಕ್ಷೆಯ ಮಾತೇ ಇಲ್ಲದೆ ಲೆಟ್ರೋಜೋಲ್ ಕೈಗೆ ಬರುತ್ತದೆ. 2013ರಲ್ಲಿ ಬಾಸ್ಟನ್ ಸಂಶೋಧಕರು ಗಂಡಸರಿಗೆ ಟೆಸ್ಟೋಸ್ಟಿರಾನ್ ಕೊಟ್ಟೂ ಈಸ್ಟ್ರೊಜನ್ ಮಾತ್ರ ತಡೆದು ನೋಡಿದರು: ಮೈಯಲ್ಲಿ ಕೊಬ್ಬು ಏರಿತು, ಕಾಮಾಸಕ್ತಿ ಇಳಿಯಿತು. ಗಂಡಸಿನ ಮೂಳೆಗೂ ಈ ಹಾರ್ಮೋನು ಬೇಕು. ಅದನ್ನು ನೆಲಕಚ್ಚಿಸುವುದು ಇಲಿ ಹೊಕ್ಕಿತೆಂದು ಮನೆಗೇ ಬೆಂಕಿ ಇಟ್ಟ ಹಾಗೆ.

ಸೈಕಲ್ ಮುಗಿದ ಮೇಲೆ ಹಾರ್ಮೋನನ್ನು ಹಳಿಗೆ ತರಲು ಮಾಡುವ ಪಿಸಿಟಿ ಎಂಬ ಚಿಕಿತ್ಸೆಯ ಬಗ್ಗೆ ಅಷ್ಟು ಕಟುವಾಗಲಾರೆ. ಕ್ಲೋಮಿಫೀನ್ ಎಲ್‌ಎಚ್ ಏರಿಸುತ್ತದೆ ಎಂಬುದು ವೈದ್ಯರಿಗೂ ಗೊತ್ತಿರುವ ಸಂಗತಿ. ಆದರೆ ಯಾವ ವಾರ ಎಷ್ಟು ಎಂಬ ಆ ಚಾರ್ಟು ಜಿಮ್ಮಿನಿಂದ ಜಿಮ್ಮಿಗೆ ಬಾಯಿಮಾತಿನಲ್ಲಿ ಬಂದದ್ದು, ಆಸ್ಪತ್ರೆಯಿಂದಲ್ಲ. ನೆದರ್ಲ್ಯಾಂಡ್ಸಿನ ಹಾರ್ಲೆಮ್ ಅಧ್ಯಯನ ಸ್ಟೆರಾಯ್ಡ್ ಬಳಸುವ 100 ಗಂಡಸರ ಬೆನ್ನುಹತ್ತಿತು. ಹೆಚ್ಚಿನವರ ಹಾರ್ಮೋನು ಕಾಲಕ್ರಮದಲ್ಲಿ ಹಳಿಗೆ ಬಂತು, ಎಲ್ಲರದ್ದೂ ಅಲ್ಲ. ಡೆನ್ಮಾರ್ಕಿನ ಇನ್ನೊಂದು ಅಧ್ಯಯನದಲ್ಲಿ, ಬಿಟ್ಟು ಸರಾಸರಿ ಎರಡು ವರ್ಷ ದಾಟಿದವರ ಟೆಸ್ಟೋಸ್ಟಿರಾನ್ ಕೂಡ ಎಂದೂ ಮುಟ್ಟದವರಿಗಿಂತ ಕಡಿಮೆಯೇ ಇತ್ತು. ಬಿಟ್ಟ ಮೇಲಿನ ಮಂಕು, ಖಿನ್ನತೆ ನಾಟಕವಲ್ಲ. ಅದನ್ನು ತಾಳಲಾರದೆ ಮತ್ತೆ ಸೂಜಿ ಹಿಡಿದವರಿದ್ದಾರೆ. ಅಂಥವನನ್ನು ಗದರಿಸಿ ಕಳಿಸುವ ವೈದ್ಯರು ಅವನನ್ನು ನೇರ ಕೋಚಿನ ಕೈಗೆ ಒಪ್ಪಿಸಿದಂತೆ. ಈ ಪಿಸಿಟಿ ಪದ್ಧತಿಯಿಂದ ಒಂದಿಷ್ಟು ಮಂದಿಗೆ ರಕ್ತ ಪರೀಕ್ಷೆಯ ಅಭ್ಯಾಸವಾಯಿತಲ್ಲ, ಅದಂತೂ ಒಳ್ಳೆಯದೇ.

ಆದರೆ ಕೋಚುಗಳ ಲೆಕ್ಕವೆಲ್ಲ ಹಾರ್ಮೋನಿನ ಸುತ್ತ. 2017ರಲ್ಲಿ ಅಮೆರಿಕದ ಸಂಶೋಧಕರು ವರ್ಷಗಟ್ಟಲೆ ಸ್ಟೆರಾಯ್ಡ್ ಬಳಸಿದ 86 ಮಂದಿಯನ್ನು, ಬಳಸದ 54 ಮಂದಿ ಭಾರ ಎತ್ತುವವರ ಜೊತೆ ಹೋಲಿಸಿದರು. ಹೃದಯದ ಎಡ ಕುಹರ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರದೂಡುವ ಪಾಲು ಬಳಸದವರಲ್ಲಿ ಸರಾಸರಿ ಶೇಕಡಾ 63, ಬಳಸಿದವರಲ್ಲಿ 52. ಕುಸಿಯುವ ಎಚ್‌ಡಿಎಲ್ ಎಂಬ ಒಳ್ಳೆಯ ಕೊಲೆಸ್ಟ್ರಾಲ್, ಮಂದವಾಗುವ ರಕ್ತ, ಸೋಲುವ ಹೃದಯ, ಇವಕ್ಕೆ ಟಮಾಕ್ಸಿಫೆನ್ನಿನಲ್ಲಿ ಮದ್ದಿಲ್ಲ. ಹುಡುಗನಿಗೆ 'ಮೊದಲು ಹಾರ್ಟಿನ ಎಕೋ ಮಾಡಿಸ್ಕೊಂಡು ಬಾ' ಎನ್ನುವ ಕೋಚ್ ಎಲ್ಲಾದರೂ ಇದ್ದರೆ ಅವನಿಗೆ ನಾನು ಅರ್ಧ ಮಾರ್ಕು ಜಾಸ್ತಿ ಕೊಡುತ್ತೇನೆ.