ನಿಧನರಾದವರು ಯಾರು?

2025ರ ಜುಲೈ 14ರಂದು ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಮರುದಿನ ಜಾಲತಾಣದಲ್ಲಿ ಕನ್ನಡದಲ್ಲೇ ಪ್ರಕಟವಾಯಿತು. ಮೆಟಾ ಕಂಪೆನಿಯ ಯಂತ್ರ ಅದನ್ನು ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿದಾಗ ತೀರಿಕೊಂಡವರು ಮುಖ್ಯಮಂತ್ರಿಗಳೇ ಆಗಿಬಿಟ್ಟರು. ತೀರಿಕೊಂಡ ಮೇಲೆ ಹೋಗಿ ನಟಿಗೆ ನಮನವನ್ನೂ ಸಲ್ಲಿಸಿದರು! ಶಿವಮೊಗ್ಗದ ಹೋಟೆಲೊಂದರಲ್ಲಿ ಗೆಳೆಯರು ಇದನ್ನು ಮೊಬೈಲಿನಲ್ಲಿ ಓದಿ ಹೇಳಿದಾಗ ನಾನೂ ನಕ್ಕೆ. ಆದರೆ ಕಥೆ ಬರೆಯುವವನಿಗೆ ವಾಕ್ಯ ಎಲ್ಲಿ ಎಡವಿತು ಎಂದು ಹುಡುಕುವ ಚಟ ಇರುತ್ತದೆ.

ಎಡವಿದ ಜಾಗ ಸ್ಪಷ್ಟವಾಗಿಯೇ ಇತ್ತು. ಮೊದಲು ಮುಖ್ಯಮಂತ್ರಿಯ ಹೆಸರು, ಅದರ ಬೆನ್ನಿಗೆ ‘ನಿನ್ನೆ ನಿಧನರಾದ’, ಆಮೇಲೆ ನಟಿಯ ಹೆಸರು. ‘ನಿಧನರಾದ’ ಎಂಬುದು ಮುಂದೆ ಬರುವ ಹೆಸರಿಗೆ ಸೇರುತ್ತದೆಂದು ಕನ್ನಡದ ಮಗುವಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೃದಂತ ಎಂಬ ಪದವನ್ನು ಅದು ಕೇಳಿರದಿದ್ದರೂ ಸರಿ. ಯಂತ್ರ ಅದನ್ನು ಹಿಂದಿನ ಹೆಸರಿಗೆ ಅಂಟಿಸಿತು. ಉರ್ದು ಶಾಲೆಯಲ್ಲಿ ನಾವು ಇಂಥ ಕಡೆ ‘ಜೋ’ ಹಾಕಿ ಬರೆಯಲು ಕಲಿತೆವು. ಆದರೆ ಭದ್ರಾವತಿಯ ನಮ್ಮ ಮನೆಯ ದಖನಿಯಲ್ಲಿ ‘ಕಲ್ ಗುಜರೇ ಸೋ ಸರೋಜಾದೇವಿ ಕು ದೇಖ್ಕೊ ಆಯೆ’ ಎಂದೇ ಹೇಳುತ್ತಾರೆ. ಆ ‘ಸೋ’ ಇರುವ ನಡಿಗೆ ದಿಲ್ಲಿಯದಲ್ಲ, ಈ ನೆಲದ್ದು. ಶತಮಾನಗಳ ಕಾಲ ಕನ್ನಡ, ತೆಲುಗು ಆಡುವವರ ಮಗ್ಗುಲಲ್ಲಿ ಬದುಕಿ ನಮ್ಮವರು ಕಲಿತದ್ದನ್ನು ಅಷ್ಟು ದೊಡ್ಡ ಯಂತ್ರ ಕಲಿತಿರಲಿಲ್ಲ.

ಇದಕ್ಕೆ ಎರಡು ತಿಂಗಳ ಮುಂಚೆ ಬೇರೊಂದು ಅನುವಾದ ಲೋಕದ ಗಮನ ಸೆಳೆದಿತ್ತು. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಇಬ್ಬರಿಗೂ ಅಂತರರಾಷ್ಟ್ರೀಯ ಬೂಕರ್ ಬಂತು. ಉರ್ದು ಮನೆಯ ಹುಡುಗಿ ಬಾನು, ಎಂಟನೆಯ ವಯಸ್ಸಿನಲ್ಲಿ ಕನ್ನಡ ಶಾಲೆಗೆ ಸೇರಿದ್ದು ನಮ್ಮ ಶಿವಮೊಗ್ಗದಲ್ಲೇ. ಅವರ ಕಥೆಗಳ ಕನ್ನಡ, ಉರ್ದು, ಅರಬಿ ಪದಗಳನ್ನು ದೀಪಾ ಓರೆ ಅಕ್ಷರದಲ್ಲಿಟ್ಟು ಬೇರ್ಪಡಿಸಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಹೊರಗಿನ ಓದುಗನಿಗೆ ಇದರಿಂದ ಕಷ್ಟವಾಗುತ್ತದೆ ಎಂದು ಯಾರಾದರೂ ತಕರಾರು ಎತ್ತಬಹುದು. ನನಗೂ ಒಂದೆರಡು ಕಡೆ ಹಾಗನ್ನಿಸಿತು. ಆದರೆ ಅದು ಒಬ್ಬರು ಯೋಚಿಸಿ ಮಾಡಿದ ಆಯ್ಕೆ, ಏಕೆ ಹಾಗೆ ಮಾಡಿದೆ ಎಂದು ಅವರು ಪುಸ್ತಕದಲ್ಲೇ ಬರೆದಿದ್ದಾರೆ. ಜಗಳವಾಡಲು ನಮಗೊಬ್ಬರು ಸಿಗುತ್ತಾರೆ.

ಯಂತ್ರದ ಜೊತೆ ಜಗಳವಾಡುವುದು ಹೇಗೆ? ನನ್ನದೇ ಕಥೆಯ ಒಂದು ಪುಟವನ್ನು ಕುತೂಹಲಕ್ಕೆ ಮೊಬೈಲಿನ ಅನುವಾದಕ್ಕೆ ಹಾಕಿದೆ. ಮಗುವೊಂದು ರಂಜಾನಿನಲ್ಲಿ ‘ಖಾಲಾ ಮನೆಗೆ’ ಹೋಗುವ ದೃಶ್ಯ. ಇಂಗ್ಲಿಷಿನಲ್ಲಿ ಆ ಮಗು ಖಾಲಿ ಮನೆಗೆ ಹೋಯಿತು. ತಾಯಿಯ ತಂಗಿ, ಅವಳ ಅಡುಗೆಮನೆ, ಇಫ್ತಾರಿನ ಗದ್ದಲ ಎಲ್ಲ ಒಂದು ಸ್ವರದ ವ್ಯತ್ಯಾಸದಲ್ಲಿ ಮಾಯ. ತಪ್ಪು ಯಾರಿಗೂ ಆಗುತ್ತದೆ. ಪತ್ರಿಕೆಯ ಹೊಸ ಉಪಸಂಪಾದಕನಿಗೂ ಆಗಬಹುದು, ಆದರೆ ಅವನಿಗೆ ಅನುಮಾನ ಬಂದರೆ ಫೋನ್ ಮಾಡಿ, ‘ಸಾರ್, ಖಾಲಾ ಅಂದ್ರೆ ಯಾರು?’ ಎಂದು ಕೇಳುತ್ತಾನೆ. ಯಂತ್ರ ಅನುಮಾನವನ್ನು ತೋರಿಸಲಿಲ್ಲ. ಸರಿ ವಾಕ್ಯಕ್ಕೂ ತಪ್ಪು ವಾಕ್ಯಕ್ಕೂ ಅದರದು ಒಂದೇ ದನಿ.

ಹೀಗೆಂದ ಮಾತ್ರಕ್ಕೆ ನಾನು ಯಂತ್ರದ ವೈರಿಯಲ್ಲ. 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯಿಂದಲೇ ಭದ್ರಾವತಿ ಊರಾಗಿ ಬೆಳೆಯಿತು, ಅದರ ಸಂಬಳದಲ್ಲೇ ನಾನು ಓದಿದೆ. ಅಬ್ಬಾ ಹೇಳುತ್ತಿದ್ದರು: ಕುಲುಮೆಯಲ್ಲಿ ಏನಾದರೂ ಕೆಟ್ಟರೆ ಮೊದಲು ತೆರೆಯುವುದು ಶಿಫ್ಟಿನ ಪುಸ್ತಕವನ್ನು. ಆ ಹೊತ್ತಿಗೆ ಯಾರಿದ್ದರು, ಯಾರ ಸಹಿ ಇದೆ ಎಂದು ನೋಡುತ್ತಾರೆ. ಬೈಗುಳವೂ ಅವರಿಗೇ. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚಲು ಉಕ್ಕು ಪ್ರಾಧಿಕಾರ ತೀರ್ಮಾನಿಸಿದಾಗ ಗುತ್ತಿಗೆ ಕಾರ್ಮಿಕರು ಗೇಟಿನೆದುರು ಧರಣಿ ಕೂತರು. ತೀರ್ಮಾನ ಕ್ರೂರವೇ ಆಗಿತ್ತು, ಆದರೆ ತೀರ್ಮಾನಿಸಿದವರು ಯಾರೆಂದು ತಿಳಿದಿತ್ತು. ಕೂರಲು ಒಂದು ಗೇಟಾದರೂ ಇತ್ತು.

ಅನುವಾದದ ತಪ್ಪಿಗೆ ಇಷ್ಟೆಲ್ಲ ಏಕೆ ಎನ್ನುವವರು ತೆಲಂಗಾಣದತ್ತ ನೋಡಬೇಕು. ಅಲ್ಲಿನ ಸರ್ಕಾರ ‘ಸಮಗ್ರ ವೇದಿಕ’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಬೇರೆ ಬೇರೆ ಇಲಾಖೆಗಳ ದಾಖಲೆಗಳನ್ನು ಜೋಡಿಸಿ, ಪಡಿತರಕ್ಕೆ ಯಾರು ಅರ್ಹರು ಎಂದು ಅಳೆಯಿತು. ಹೈದರಾಬಾದಿನ ಒಬ್ಬ ರಿಕ್ಷಾ ಎಳೆಯುವವನ ಹೆಸರು ಕಾರಿನ ಮಾಲೀಕನೊಬ್ಬನ ಹೆಸರಿಗೆ ಹತ್ತಿರವಿತ್ತು. ಇಬ್ಬರೂ ಒಂದೇ ಎಂದು ಯಂತ್ರ ಎಣಿಸಿದ್ದರಿಂದ ಅವನ ಹೆಂಡತಿಗೆ ಪಡಿತರ ಚೀಟಿ ಸಿಗಲಿಲ್ಲ. ರದ್ದಾದ ಚೀಟಿಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಸೈಯದ್, ಸಯ್ಯದ್, ಸೈಯ್ಯದ್. ಮಹಮ್ಮದ್, ಮೊಹಮ್ಮದ್, ಎಂ.ಡಿ. ಒಂದೇ ಬೀದಿಯಲ್ಲಿ ಇಷ್ಟು ಬಗೆಯಲ್ಲಿ ಹೆಸರು ಬರೆಸಿಕೊಂಡ ನಮಗೆ ಇದು ದೂರದ ಸುದ್ದಿಯಲ್ಲ. ಕಚೇರಿಯ ಗುಮಾಸ್ತ ತಪ್ಪು ಬರೆದಾಗ ಅವನ ಮೇಜಿನ ಮುಂದೆ ನಿಂತು ಗೋಗರೆದಿದ್ದೇವೆ, ಕೂಗಾಡಿದ್ದೇವೆ. ‘ಸಿಸ್ಟಮ್ಮಿನಲ್ಲಿ ಹಾಗೇ ಬರುತ್ತೆ’ ಎಂದು ಅದೇ ಗುಮಾಸ್ತ ಕೈಚೆಲ್ಲಿದಾಗ ಮುಂದೆ ಎಲ್ಲಿಗೆ ಹೋಗಬೇಕು?

ಯಂತ್ರ ಕಲಿಯುತ್ತಿದೆ, ಸ್ವಲ್ಪ ಕಾಯಿರಿ ಎನ್ನುತ್ತಾರೆ ತಿಳಿದವರು. ಕಲಿಯಲಿ. ಆ ನಿಧನದ ಪ್ರಸಂಗದಲ್ಲಿ ಮುಖ್ಯಮಂತ್ರಿಯ ಮಾಧ್ಯಮ ಸಲಹೆಗಾರರು ಮೆಟಾಗೆ ಪತ್ರ ಬರೆದರು. ಅನುವಾದ ಸುಧಾರಿಸುವವರೆಗೆ ಕನ್ನಡಕ್ಕೆ ಆ ಸೌಲಭ್ಯ ನಿಲ್ಲಿಸಿ, ಭಾಷೆ ಬಲ್ಲವರನ್ನು ಕೇಳಿ ಎಂದರು. ಕಂಪೆನಿ ಕೆಲವೇ ದಿನಗಳಲ್ಲಿ ತಪ್ಪು ತಿದ್ದಿ ಕ್ಷಮೆ ಕೋರಿತು. ಒಳ್ಳೆಯದೇ ಆಯಿತು. ಪತ್ರ ಬರೆದದ್ದು ವಿಧಾನಸೌಧ ಎಂಬುದನ್ನೂ ಮರೆಯದಿರೋಣ. ನನ್ನ ಕಥೆಯ ಖಾಲಾಳ ಬಗ್ಗೆ ನಾನೂ ದೂರು ಕೊಡೋಣವೆಂದು ಆ ಮೊಬೈಲಿನಲ್ಲಿ ಜಾಗ ಹುಡುಕಿದೆ. ಬರೆಯಲು ಜಾಗ ಸಿಗಲಿಲ್ಲ. ಐದು ನಕ್ಷತ್ರಗಳ ಒಂದು ಸಾಲು ಮೂಡಿ, ಅನುವಾದ ಎಷ್ಟು ಇಷ್ಟವಾಯಿತು ಎಂದು ಕೇಳಿತು.