ಬೇಣಾರೆಬಾಯಿಯೂ ನಮ್ಮ ವಾಚನಾಲಯದ ಪೀಠವೂ

ಭಾನುವಾರ ಬೆಳಗ್ಗೆ ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಪುಸ್ತಕ ಬದಲಿಸುವವರು ಕಡಿಮೆ, ಪತ್ರಿಕೆ ಓದಿ ತೀರ್ಪು ಕೊಡುವವರು ಹೆಚ್ಚು. ದೂರೆಂದು ಹೇಳುತ್ತಿಲ್ಲ, ನಾನೂ ಆ ಪೀಠದ ಹಳೆಯ ಸದಸ್ಯ. ಯಾವ ಊರಿನಲ್ಲಿ ಯಾರ ಕೊಲೆಯಾಗಲಿ, ಯಾವ ಜಾತ್ರೆಯಲ್ಲಿ ಗಲಭೆಯಾಗಲಿ, ಯಾರ ಮಗಳು ಯಾರೊಡನೆ ಹೋಗಲಿ, ಹನ್ನೊಂದು ಗಂಟೆಯ ಚಹಾ ಬರುವುದರೊಳಗೆ ನಾವು ವಿಚಾರಣೆ ಮುಗಿಸಿರುತ್ತೇವೆ. ಕಳೆದ ತಿಂಗಳು ಡೊಂಬಿವಿಲಿಯಲ್ಲಿ ಒಂದು ಹವ್ಯಾಸಿ ಮರಾಠಿ ತಂಡ ಆಡಿದ ವಿಜಯ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೇ’ ನೋಡಿ ಬಂದ ಮೇಲೆ ಆ ಚಹಾ ನನಗೆ ಮೊದಲಿನಷ್ಟು ರುಚಿಸುತ್ತಿಲ್ಲ.

ನಾಟಕ ಹಳೆಯದು. 1967ರಲ್ಲಿ ‘ರಂಗಾಯನ’ ತಂಡ ಅರವಿಂದ ದೇಶಪಾಂಡೆಯವರ ನಿರ್ದೇಶನದಲ್ಲಿ ಇದನ್ನು ಮುಂಬಯಿಯಲ್ಲಿ ಆಡಿತು. ಬೇಣಾರೆಬಾಯಿಯಾಗಿ ಸುಲಭಾ ದೇಶಪಾಂಡೆ. 1971ರಲ್ಲಿ ಸತ್ಯದೇವ ದುಬೆಯವರು ಇದನ್ನು ಚಲನಚಿತ್ರ ಮಾಡಿದಾಗಲೂ ಪಾತ್ರ ಆಕೆಯದೇ. ಅಣಕು ನ್ಯಾಯಾಲಯದ ಪ್ರದರ್ಶನ ಕೊಡಲು ವಿಲೆ ಪಾರ್ಲೆಗೆ ಹೊರಟಿದ್ದ ಹವ್ಯಾಸಿಗಳ ಮಾತು ಕಿವಿಗೆ ಬಿದ್ದು ತೆಂಡೂಲ್ಕರರಿಗೆ ಇದರ ವಸ್ತು ಹೊಳೆಯಿತಂತೆ. ನಾಟಕದೊಳಗಿನ ತಂಡವೂ ಒಂದು ಮುಂಬಯಿ ಚಾಳಿನ ಪ್ರಗತಿಪರ ಸಂಘದ್ದೇ. ಅಧ್ಯಕ್ಷರು, ಅಧ್ಯಕ್ಷರ ಶ್ರೀಮತಿಯವರು, ಕೇಸುಗಳಿಲ್ಲದ ವಕೀಲರು, ಕರೆದರೆ ಓಡಿಬರುವ ಒಬ್ಬ ಹುಡುಗ. ಯಾವ ಸಂಘದ ಕಾರ್ಯಕಾರಿ ಸಮಿತಿಯಾದರೂ ಸರಿ, ಒಮ್ಮೆ ಕನ್ನಡಿ ನೋಡಿಕೊಂಡಂತಾಗುತ್ತದೆ.

ಕಥೆ ಇಷ್ಟು: ಪ್ರದರ್ಶನಕ್ಕೆಂದು ಹಳ್ಳಿಗೆ ಹೋದವರು ಹೊತ್ತು ಕಳೆಯಲು ತಮ್ಮಲ್ಲೇ ಒಬ್ಬಳನ್ನು, ಶಾಲಾ ಉಪಾಧ್ಯಾಯಿನಿ ಲೀಲಾ ಬೇಣಾರೆಯನ್ನು, ಆರೋಪಿಯೆಂದು ನಿಲ್ಲಿಸಿ ಆಟದ ವಿಚಾರಣೆ ಹೂಡುತ್ತಾರೆ. ಆರೋಪ ಭ್ರೂಣಹತ್ಯೆ. ಆಟ ಸ್ವಲ್ಪಸ್ವಲ್ಪವಾಗಿ ಬೇಟೆಯಾಗುತ್ತದೆ. ಆಕೆ ನಿಜವಾಗಿಯೂ ಗರ್ಭಿಣಿ. ಕಾರಣನಾದವನು ಪ್ರೊಫೆಸರ್ ದಾಮ್ಲೆ. ಆತ ಅಂದು ಬಂದಿಲ್ಲ. ನಾಟಕ ಮುಗಿಯುವವರೆಗೂ ಬರುವುದಿಲ್ಲ, ಅವನನ್ನು ಆರೋಪಿಯಾಗಿ ನಿಲ್ಲಿಸಬೇಕೆಂದು ನ್ಯಾಯಾಧೀಶರಿಗೂ ವಕೀಲರಿಗೂ ತೋರುವುದಿಲ್ಲ. ನಾವು ಓದುವ ಸುದ್ದಿಗಳಲ್ಲೂ ಒಬ್ಬ ದಾಮ್ಲೆ ಇರುತ್ತಾನೆ. ಅವನ ವಿಷಯ ಎರಡನೆಯ ಪ್ಯಾರಾದಲ್ಲಿ, ನಾವು ಮೊದಲನೆಯದರಲ್ಲೇ ನಿಂತುಬಿಡುತ್ತೇವೆ.

ನನ್ನನ್ನು ಹೆಚ್ಚು ಕಾಡಿದವರು ಇಬ್ಬರು. ಒಬ್ಬ ಸಾಮಂತ. ಹಳ್ಳಿಯ ಮುಗ್ಧ, ಬೇಣಾರೆಯನ್ನು ಅಂದೇ ಕಂಡವನು. ಸಾಕ್ಷಿ ಹೇಳು ಎಂದಾಗ ಪಾಪ, ಅವನಿಗೇನು ಗೊತ್ತು? ಕೈಯಲ್ಲಿದ್ದ ಅಗ್ಗದ ಕಾದಂಬರಿಯಲ್ಲಿ ತಾನು ಓದಿದ್ದ ಒಂದು ದೃಶ್ಯವನ್ನೇ ಕಣ್ಣಾರೆ ಕಂಡಂತೆ ಹೇಳುತ್ತಾನೆ. ಅದು ಹೋಗಿ ನಿಜದ ಪಕ್ಕದಲ್ಲೇ ಬೀಳುತ್ತದೆ! ತೆಂಡೂಲ್ಕರರ ಜಾಣತನ ಇಲ್ಲಿದೆ. ನಾಲ್ಕು ಸಾಲಿನ ಸುದ್ದಿಗೆ ನಾವು ತುಂಬುವ ಉಳಿದ ನಲವತ್ತು ಸಾಲು ಬರುವುದೂ ಇಂಥ ಕಾದಂಬರಿಗಳಿಂದಲೇ, ಈಗೀಗ ಧಾರಾವಾಹಿಗಳಿಂದ. ಅದು ನಿಜಕ್ಕೆ ತಾಗಿದರೂ ಸಾಕ್ಷಿಯಾಗುವುದಿಲ್ಲ ಎಂಬುದು ಮಾತ್ರ ತಿಳಿಯುವುದಿಲ್ಲ.

ಇನ್ನೊಬ್ಬ ಪೊಂಕ್ಷೆ. ಇಂಟರ್ ಸೈನ್ಸ್ ಫೇಲಾದವನು, ಆದರೆ ಮಾತಿನ ಠೀವಿ ವಿಜ್ಞಾನಿಯದು. ಬೇಣಾರೆ ತನ್ನನ್ನು ಉಡುಪಿ ಹೋಟೆಲಿಗೆ ಕರೆದು ನಂಬಿಕೆಯಿಂದ ಹೇಳಿಕೊಂಡ ಗುಟ್ಟನ್ನು ಅವನು ಬಿಚ್ಚಿಡುತ್ತಾನೆ. (ಉಡುಪಿ ಹೋಟೆಲಿನ ಹೆಸರು ಬಂದಾಗ ನನ್ನ ಪಕ್ಕದ ಕನ್ನಡಿಗ ಮಿತ್ರರು ಹೆಮ್ಮೆಯಿಂದ ಮೊಣಕೈ ತಿವಿದರು. ಅದು ಹೆಮ್ಮೆಯ ಜಾಗವಾಗಿರಲಿಲ್ಲ.) ಅವಳ ಪರ್ಸಿನಿಂದ ಜಾರಿಬಿದ್ದ ತಿಗಣೆ ಔಷಧದ ಬಾಟಲಿಯ ಕಥೆಯನ್ನೂ ಬಿಡುವುದಿಲ್ಲ. ನಾನಾದರೋ ಬಿ.ಎಸ್ಸಿ. ಪಾಸಾದವನು. ಪಾಸಾದುದರಿಂದ ವ್ಯತ್ಯಾಸವೇನಾಯಿತೆಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ಸ್ಥಳೀಯ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದ ಯುವತಿ ಕಾಣೆಯಾಗಿದ್ದಾಳೆಂದೂ, ತಂದೆ ದೂರು ಕೊಟ್ಟಿದ್ದಾರೆಂದೂ ಸುದ್ದಿ ಬಂತು. ಹೆಸರಿರಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ನಮಗೆ ಹೆಸರು ಗೊತ್ತಿತ್ತು, ಹುಡುಗ ಬೇರೆ ಧರ್ಮದವನೆಂದೂ ಗೊತ್ತಿತ್ತು. ಒಬ್ಬರು ಅಪಹರಣ ಎಂದರು. ಇನ್ನೊಬ್ಬರು ಮಂಕುಬೂದಿ ಎಂದರು. ಮತ್ತೊಬ್ಬರು ಅವಳ ತಾಯಿ ನೌಕರಿಗೆ ಹೋಗುವುದೇ ಮೂಲ ಎಂದರು. ನಾನು ಕನ್ನಡಕ ತೆಗೆದು ಒರೆಸಿ, ಮನುಷ್ಯನ ಮಿದುಳು ಪೂರ್ತಿ ಬಲಿಯಲು ಇಪ್ಪತ್ತೈದು ವರ್ಷ ಬೇಕು, ಆದ್ದರಿಂದ ಇಪ್ಪತ್ತೆರಡರ ನಿರ್ಧಾರ ನಿರ್ಧಾರವೇ ಅಲ್ಲ ಎಂದೆ. ಎಲ್ಲರೂ ತಲೆದೂಗಿದರು. ನನ್ನ ಮದುವೆಯಾದಾಗ ನನ್ನ ಹೆಂಡತಿಗೆ ಇಪ್ಪತ್ತೊಂದು. ಆ ಲೆಕ್ಕ ಅಂದು ನೆನಪಾಗಲಿಲ್ಲ.

ಮೂರನೆಯ ವಾರ ಆ ಹುಡುಗಿ ತಾನೇ ಠಾಣೆಗೆ ಹೋಗಿ, ಸ್ವಂತ ಇಚ್ಛೆಯಿಂದ ಹೋಗಿದ್ದೇನೆ, ಮದುವೆಯಾಗಿದ್ದೇನೆ ಎಂದು ಹೇಳಿಕೆ ಕೊಟ್ಟಳು. ಪತ್ರಿಕೆ ಇದನ್ನು ಹಾಕಲಿಲ್ಲ. ಅಪರಾಧವಿಲ್ಲದಿದ್ದರೆ ಸುದ್ದಿಯೂ ಇಲ್ಲವಷ್ಟೆ! ನಮ್ಮ ಪೀಠವೂ ಹೊಸ ಮೊಕದ್ದಮೆಗೆ ದಾಟಿತು.

ಇದನ್ನೆಲ್ಲ ನೆನೆದು ನಾಟಕದ ಕಾನೂನನ್ನು ಸ್ವಲ್ಪ ಕೆದಕಿದೆ. ಕಾಶೀಕರ್ ನ್ಯಾಯಾಧೀಶರು ಹೊರಿಸುವುದು ದಂಡಸಂಹಿತೆಯ 302ನೆಯ ಕಲಮು. ಅದು ಕೊಲೆಯದು. ಗರ್ಭಪಾತದ್ದು 312. (2024ರ ಜುಲೈಯಿಂದ ಆ ಸಂಹಿತೆಯೇ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ.) ನಾಟಕಕಾರರ ತಪ್ಪೆಂದು ನಾನು ತಿಳಿಯುವುದಿಲ್ಲ. ಹರಟೆಯ ಕೋರ್ಟಿಗೆ ಸಣ್ಣ ಕಲಮುಗಳು ಸಾಲುವುದಿಲ್ಲ. ಇಷ್ಟಾಗಿ ಕೊಡುವ ತೀರ್ಪೇನು? ಆ ಭ್ರೂಣ ಉಳಿಯಕೂಡದು ಎಂದು! ಯಾವುದನ್ನು ಮಹಾಪಾಪವೆಂದು ಎರಡು ಅಂಕ ಕೂಗಾಡಿದರೋ ಅದನ್ನೇ ಶಿಕ್ಷೆಯಾಗಿ ವಿಧಿಸುತ್ತಾರೆ. ಅವರಿಗೆ ಬೇಕಾದುದು ಪಾಪದ ನಿವಾರಣೆಯಲ್ಲ, ಆ ಹೆಂಗಸು ತಲೆ ತಗ್ಗಿಸುವುದು. ದೇಶದ ಕಾನೂನು ಆಮೇಲೆ ಬಹಳ ದೂರ ಬಂತು. 1971ರಲ್ಲಿ ವೈದ್ಯಕೀಯ ಗರ್ಭಪಾತದ ಕಾಯಿದೆಯಾಯಿತು, 2021ರ ತಿದ್ದುಪಡಿಯಲ್ಲಿ ‘ಪತಿ’ ಎಂಬಲ್ಲಿ ‘ಸಂಗಾತಿ’ ಎಂದಾಯಿತು, 2022ರಲ್ಲಿ ಸುಪ್ರೀಂ ಕೋರ್ಟು ಅವಿವಾಹಿತೆಗೂ ವಿವಾಹಿತೆಗೂ ಇಲ್ಲಿ ಭೇದ ಸಲ್ಲದೆಂದಿತು. ವಯಸ್ಕರು ಯಾರನ್ನು ಮದುವೆಯಾಗಬೇಕೆಂಬುದು ಅವರದೇ ಆಯ್ಕೆ ಎಂದು 2018ರಲ್ಲೇ ಹೇಳಿದೆ. ಕಾಶೀಕರರ ಕೋರ್ಟಿಗೆ ಈ ಯಾವ ಆದೇಶದ ಪ್ರತಿಯೂ ತಲುಪಿಲ್ಲ.

ನಮ್ಮವರೇ ಆದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದೇ ನೋವಿನದು. ಅನಂತಮೂರ್ತಿಯವರ ಕಥೆ, ಸ್ವರ್ಣಕಮಲ ಪಡೆದ ಚಿತ್ರ. ಅಲ್ಲಿ ಗರ್ಭಿಣಿಯಾದ ವಿಧವೆ ಯಮುನಕ್ಕ ಬದುಕಿರುವಾಗಲೇ ತಂದೆ ಅವಳಿಗೆ ಶ್ರಾದ್ಧ ಮಾಡುತ್ತಾನೆ. ಆದರೆ ಅಗ್ರಹಾರಕ್ಕೆ ಶಾಸ್ತ್ರದ ಆಧಾರವಾದರೂ ಉಂಟು, ತಾನು ಮಾಡುವುದೇನೆಂದು ಅದಕ್ಕೆ ಗೊತ್ತು. ಚಾಳಿನ ಸಂಘಕ್ಕೆ ಅದೂ ಇಲ್ಲ. ಸಮಾಜ ಸುಧಾರಕರ ಹೆಸರು ಹೇಳುತ್ತಲೇ ಬಾಲ್ಯವಿವಾಹ ಮರಳಿ ಬರಲೆನ್ನುತ್ತದೆ, ಎಲ್ಲ ಮುಗಿದ ಮೇಲೆ ಆಟ ತಾನೇ ಎಂದು ಬೆನ್ನು ತಟ್ಟುತ್ತದೆ. ನನಗೆ ಇದೇ ಹೆಚ್ಚು ಭಯಾನಕವಾಗಿ ಕಂಡಿತು. ಯಮುನಕ್ಕನನ್ನು ನೋಡಿ ಅಳುವ ನಾಣಿಯಂಥ ಒಬ್ಬ ಹುಡುಗನೂ ತೆಂಡೂಲ್ಕರರಲ್ಲಿಲ್ಲ. ಇರುವ ರೋಕಡೆ ಬದುಕಿಕೊಳ್ಳಲು ಸಾಕ್ಷಿ ಹೇಳುವವನು.

ದೋಷವಿಲ್ಲವೆಂದಲ್ಲ. ಕೊನೆಯಲ್ಲಿ ಬೇಣಾರೆಗೆ ಹತ್ತು ಸೆಕೆಂಡು ಕೊಟ್ಟಾಗ ಬರುವ ಉದ್ದನೆಯ ಸ್ವಗತ ನಟಿಯರಿಗೆ ಹಬ್ಬವಾಗಿಬಿಟ್ಟಿದೆ. ಡೊಂಬಿವಿಲಿಯ ನಟಿಯೂ ಕಣ್ಣೀರು ಹೆಚ್ಚಿಸಿ ಚಪ್ಪಾಳೆ ಗಿಟ್ಟಿಸಿದರು. ಆ ಮಾತುಗಳನ್ನು ರಂಗದ ಮೇಲೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಎಲ್ಲರೂ ಹೆಪ್ಪುಗಟ್ಟಿ ನಿಂತಿರುತ್ತಾರೆ. ಚಪ್ಪಾಳೆ ಬಿದ್ದರೆ ಆ ಮೌನ ಕೆಡುತ್ತದೆ. ಚಿಕ್ಕ ಸಭಾಗೃಹದಲ್ಲಿ ಚಿಲಕ ಸಿಕ್ಕಿಕೊಳ್ಳುವ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.

ಆ ಹುಡುಗಿಯ ತಂದೆ ಹದಿನೆಂಟು ವರ್ಷ ನಮ್ಮ ರಾಜ್ಯೋತ್ಸವಕ್ಕೆ ಮೈಕು ಕಟ್ಟಿದವರು. ಎರಡು ವರ್ಷದಿಂದ ಬಂದಿಲ್ಲ. ಪ್ಲಾಟ್‌ಫಾರಂನಲ್ಲಿ ಎದುರಾದರೆ ಬೇರೆ ಡಬ್ಬಿ ಹತ್ತುತ್ತಾರೆ. ಲೆಕ್ಕ ತಪಾಸಣೆಗೆಂದು ಮೊನ್ನೆ ವಾಚನಾಲಯದ ರಿಜಿಸ್ಟರ್ ನೋಡುತ್ತಿದ್ದೆ. ಆ ಹುಡುಗಿಯ ಹೆಸರಿನಲ್ಲಿ ಒಂದು ಪುಸ್ತಕ ಬಾಕಿ ಇದೆ. ಜ್ಞಾಪನಾ ಪತ್ರ ಕಳಿಸಬೇಕು, ವಿಳಾಸ ತಂದೆಯ ಮನೆಯದೇ ಇದೆ ಎಂದರು ಕಾರ್ಯದರ್ಶಿಗಳು. ಪತ್ರ ನಾನು ಬರೆಯುತ್ತೇನೆಂದು ಒಪ್ಪಿಕೊಂಡು ಬಂದಿದ್ದೇನೆ. ಹತ್ತು ದಿನವಾಯಿತು, ‘ಮಾನ್ಯರೇ’ ಎಂಬಲ್ಲಿಗೆ ನಿಂತಿದೆ.