ತಲೆ ಉಬ್ಬಿದ್ದರೆ ಮಾತ್ರ ಕೆಟ್ಟಿದೆಯೆ?

ಹಳೆಯ ಕಂಪ್ಯೂಟರಿನ ದುರಸ್ತಿಯ ಮಾತು ಬಂದಾಗ ನೀವು ಈ ಸಲಹೆಯನ್ನು ಕೇಳಿರುತ್ತೀರಿ: 'ತಲೆ ಉಬ್ಬಿದ ಕೆಪಾಸಿಟರ್ ಹುಡುಕಿ, ಬದಲಿಸಿ.' ಸಲಹೆ ಸುಳ್ಳಲ್ಲ. ಆದರೆ ಅದನ್ನೇ ಪೂರ್ಣ ಪರೀಕ್ಷೆಯೆಂದು ತಿಳಿದರೆ ದೋಷ ಕೈಗೆ ಸಿಗದು.

2000ದ ದಶಕದ ಆರಂಭದ ಅನೇಕ ಮದರ್‌ಬೋರ್ಡುಗಳಿಗೆ ಈ ಸಲಹೆ ಸರಿಯಾಗಿ ಹೊಂದುತ್ತದೆ. ಅವುಗಳ ಅಲ್ಯೂಮಿನಿಯಮ್ ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳಲ್ಲಿ ತುಂಬಿದ್ದ ದ್ರವವೇ ದೋಷಯುಕ್ತ. ಒಳಗೆ ಹೈಡ್ರೊಜನ್ ಅನಿಲ ಸೇರಿ ಒತ್ತಡ ಹೆಚ್ಚಿ, ಗೀರು ಹಾಕಿದ ಮೇಲ್ಭಾಗ ಉಬ್ಬಿ ಬಿರಿಯುತ್ತಿತ್ತು. ಅಲ್ಲಿ ಕಣ್ಣೇ ಸಾಕು.

ಈಗ 1990ರ ಮ್ಯಾಕಿಂಟಾಷ್ ಕ್ಲಾಸಿಕ್ ಬೋರ್ಡನ್ನು ನೋಡಿ. ಅದರ ಪುಟ್ಟ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿಯೇ ಇರುತ್ತದೆ. ದ್ರವ ತಳದಿಂದ ಸೋರುತ್ತದೆ. ಬೆಸುಗೆ ಮಂಕಾಗಿ, ತಾಮ್ರದ ಗೆರೆಗಳು ಸವೆಯುತ್ತವೆ. 1981ರ ಐಬಿಎಂ ಪಿಸಿಯಲ್ಲಿ ಸಮಸ್ಯೆಯೇ ಬೇರೆ. ಅಲ್ಲಿಯ ಟ್ಯಾಂಟಲಮ್ ಕೆಪಾಸಿಟರ್ ಒಳಗೇ ಶಾರ್ಟ್ ಆಗುವುದುಂಟು. ಆಗ ಪವರ್ ಸಪ್ಲೈ ತನ್ನ ರಕ್ಷಣೆಗಾಗಿ ನಿಂತುಬಿಡುತ್ತದೆ. ನಾವು ಪವರ್ ಸಪ್ಲೈಯನ್ನೇ ದೂರುತ್ತೇವೆ! ವಿದ್ಯುತ್ ಸಂಪರ್ಕ ತೆಗೆದು, ಬೋರ್ಡಿನ 12 ವೋಲ್ಟ್ ಗೆರೆಗೂ ಗ್ರೌಂಡಿಗೂ ನಡುವಣ ರೋಧ ಅಳೆಯಿರಿ. ಅದು ಸೊನ್ನೆಯ ಹತ್ತಿರವಿದ್ದರೆ ದೋಷ ಬೋರ್ಡಿನಲ್ಲಿದೆ.

ಮೀಟರು ತೋರಿಸುವ ಮೈಕ್ರೊಫ್ಯಾರಡ್ ಸಂಖ್ಯೆಯೊಂದನ್ನೇ ನಂಬುವುದೂ ತಪ್ಪು. ಎಲೆಕ್ಟ್ರೊಲೈಟಿಕ್ ಕೆಪಾಸಿಟರ್ ಒಣಗುವಾಗ, ಧಾರಕತೆ ಹೆಚ್ಚು ಇಳಿಯುವ ಮೊದಲೇ ಅದರ ಒಳಗಿನ ಸರಣಿ ರೋಧ ಏರಬಹುದು. ಆ ರೋಧ 1 ಓಮ್, ಅದರಲ್ಲಿ ಹರಿಯುವ ಏರಿಳಿತದ ಪ್ರವಾಹ 1 ಆಂಪಿಯರ್ ಎಂದಿಟ್ಟುಕೊಳ್ಳಿ. ಓಮನ ನಿಯಮದಂತೆ 1 ವೋಲ್ಟಿನ ಏರಿಳಿತ ಉಂಟಾಗುತ್ತದೆ. ಸಾಮಾನ್ಯ 74 ಸರಣಿಯ ಟಿಟಿಎಲ್ ಐಸಿಗಳಿಗೆ ಬೇಕಾದದ್ದಾದರೋ 4.75ರಿಂದ 5.25 ವೋಲ್ಟ್. ಕಂಪ್ಯೂಟರ್ ಆಗಾಗ ನಿಂತುಹೋದರೆ ಆಶ್ಚರ್ಯವೇನು? ಈ ರೋಧವನ್ನು ಅಳೆಯಲು ಇಎಸ್‌ಆರ್ ಮೀಟರ್ ಬೇಕು.

'ಹಾಗಾದರೆ ಎಲ್ಲವನ್ನೂ ಬದಲಿಸೋಣ' ಎನ್ನುವಿರಾ? ಸೋರುವ ಜಾತಿಯವನ್ನು ಬದಲಿಸುವುದು ಸರಿ. ಆದರೆ ಕಾರಣ ತಿಳಿಯದೆ ಎಲ್ಲ ಬೋರ್ಡುಗಳಲ್ಲೂ ಹಾಗೆ ಮಾಡಿದರೆ ಬೆಸುಗೆಯ ಕಾವಿಗೆ ಹಳೆಯ ಗೆರೆಗಳು ಕಿತ್ತುಬರುತ್ತವೆ. ನಿಜವಾದ ದೋಷ ಯಾವುದಿತ್ತೆಂದು ಎಂದೂ ತಿಳಿಯದು.

ಶಿಕ್ಷಕರು ಗುಜರಿಯ ಬೋರ್ಡಿನಿಂದ ಹತ್ತು ಎಲೆಕ್ಟ್ರೊಲೈಟಿಕ್ ಕೆಪಾಸಿಟರು ಬಿಡಿಸಿ, ಚಾರ್ಜ್ ಇಳಿಸಿ ವಿದ್ಯಾರ್ಥಿಗಳಿಗೆ ಕೊಡಲಿ. ಮೊದಲು ನೋಟದಿಂದ ಕೆಟ್ಟವನ್ನು ಗುರುತಿಸಲಿ. ಅನಂತರ ಧಾರಕತೆ ಮತ್ತು ಸರಣಿ ರೋಧ ಎರಡನ್ನೂ ಅಳೆದು ಹೋಲಿಸಲಿ. ಪಿಕ್ಚರ್ ಟ್ಯೂಬ್ ಇರುವ ಪೆಟ್ಟಿಗೆಯನ್ನು ಮಾತ್ರ ವಿದ್ಯಾರ್ಥಿಗಳು ಬಿಚ್ಚಕೂಡದು; ಅದರೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು.